ಒಲೆಯ ಪಕ್ಕ ಕೂತ ಕಲ್ಲು

ಹೆವ್ಲೇರ್, ಫೆಬ್ರವರಿ 4

ಸನ್ಮಾನ್ಯ ಮಾಮೊಸ್ತಾ ಫರೇದೂನ್ ಅವರಿಗೆ,

ಸಲಾಂ. ಮೇಷ್ಟ್ರನ್ನು ಎಷ್ಟೇ ಕೋಪ ಬಂದರೂ ಮಾಮೊಸ್ತಾ ಎಂದೇ ಕರೆಯಬೇಕು, ಕಾಗದ ಬರೆದರೆ ಮೊದಲು ಕುಶಲ ಕೇಳಬೇಕು ಎಂದು ಆರನೇ ಕ್ಲಾಸಿನ ಭೂಗೋಳದ ಪೀರಿಯಡ್ಡಿನಲ್ಲಿ ಕಲಿಸಿದವರು ನೀವೇ. ಆದ್ದರಿಂದ ಕೇಳುತ್ತೇನೆ. ಕುಶಲವೇ? ನಿಮ್ಮ ತಂಗಿ ಗುಲಾಲೆ ಅತ್ತೆಯ ಮಂಡಿನೋವು ಹೇಗಿದೆ? ಶಾಸ್ತ್ರ ಮುಗಿಯಿತು. ಇನ್ನು ಜಗಳಕ್ಕೆ ಬರುತ್ತೇನೆ.

ಫೋನಿನಲ್ಲೇ ಆಡಬಹುದಿತ್ತು. ಆದರೆ ಕಳೆದ ಸಲ ನಾನು ಮಾತಾಡುತ್ತಿರುವಾಗಲೇ ನೀವು ಫೋನ್ ಕುಕ್ಕಿದಿರಿ. ಆಮೇಲೆ 'ಬೆಟ್ಟದಲ್ಲಿ ಸಿಗ್ನಲ್ ಇಲ್ಲ' ಎಂದು ಹೇಳಿಕಳಿಸಿದಿರಿ. ಕಾಗದವನ್ನು ಹಾಗೆ ಅರ್ಧಕ್ಕೆ ಕುಕ್ಕಲು ಬರುವುದಿಲ್ಲ. ಟ್ಯಾಕ್ಸಿ ಹಮಾ ಇದನ್ನು ತಂದುಕೊಡುತ್ತಾನೆ. ನೀವು ಕೊನೆಯ ಸಾಲು ಓದುವ ತನಕ ಎದುರಿಗೆ ಕೂತು ಚಹಾ ಕುಡಿಯಬೇಕೆಂದು ಅವನಿಗೆ ಅಪ್ಪಣೆಯಾಗಿದೆ. ಎಷ್ಟು ಲೋಟವಾದರೂ ಸರಿ.

ವಿಷಯ ಇಷ್ಟು: ನಿಮ್ಮ ಕಲ್ಲು ಸುಳ್ಳು ಹೇಳುತ್ತಿದೆ.

ಡಿಸೆಂಬರಿನಲ್ಲಿ ನಮ್ಮ ಗ್ವೇಜಾನ್ ಗುಹೆಯ ಮೂಲೆಯಿಂದ ಮೊಣಕೈಯುದ್ದದ ಕಂಬವೊಂದನ್ನು ಇಬ್ಬರೂ ಸೇರಿ ಕತ್ತರಿಸಿದೆವು. ಹಿಮ ಸುರಿಯಿತು, ರಸ್ತೆ ಮುಚ್ಚುವುದರಲ್ಲಿತ್ತು, ನಾನು ಜೀಪು ಹತ್ತಿದೆ. ಕಲ್ಲು ನಿಮ್ಮ ವಶದಲ್ಲಿ ಉಳಿಯಿತು. ಜನವರಿಯ ಕೊನೆಗೆ ಹಮಾ ತಂದುಕೊಟ್ಟ. ಇಂಥ ಕಂಬ ಹನಿಹನಿಯಾಗಿ ಬೆಳೆದದ್ದು. ನೀರು ತೊಟ್ಟಿಕ್ಕುತ್ತದೆ, ಸುಣ್ಣ ಉಳಿಯುತ್ತದೆ. ನಡುನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಕೋಣೆಗಳಲ್ಲಿ ಆ ಕಾಲದ ನೀರು ಸೆರೆಯಾಗುತ್ತದೆ. ಸಕ್ಕರೆ ಅಚ್ಚಿನಷ್ಟು ಚೂರನ್ನು ಉಕ್ಕಿನ ಕೊಳವೆಯೊಳಗಿಟ್ಟು, ಬಾಯಿ ಬಿಗಿದು, ಕಾಯಿಸಿ, ಪುಡಿ ಮಾಡಿದರೆ ಆ ನೀರು ಆವಿಯಾಗಿ ಹೊರಬರುತ್ತದೆ. ಅದರಲ್ಲಿ ಹಗುರ ನೀರೆಷ್ಟು, ಭಾರದ ನೀರೆಷ್ಟು ಎಂದು ಯಂತ್ರ ಹೇಳುತ್ತದೆ. ಆ ಲೆಕ್ಕವನ್ನು ಕಲ್ಲಿನ ಲೆಕ್ಕದ ಜೊತೆಗಿಟ್ಟರೆ, ಹನಿ ಬಿದ್ದ ಕಾಲಕ್ಕೆ ಗುಹೆ ಎಷ್ಟು ಬೆಚ್ಚಗಿತ್ತು ಎಂದು ಗೊತ್ತಾಗುತ್ತದೆ.

ನಿಮ್ಮ ಕಲ್ಲು ಹೇಳಿದ್ದು ಮೂವತ್ತೊಂದು ಡಿಗ್ರಿ. ಗುಹೆಯೊಳಗೆ ಇವತ್ತು ಹದಿಮೂರಿದೆ. ಅಂದರೆ ಎಂಟು ಸಾವಿರ ವರ್ಷದ ಹಿಂದೆ ಗ್ವೇಜಾನ್ ಸುಡುಬಿಸಿಲಿನ ಬಸ್ರಾ ಆಗಿತ್ತು. ನಮ್ಮ ಹಿರಿಯರು ಅಕ್ರೋಟು ಬಿಟ್ಟು ಖರ್ಜೂರ ಬೆಳೆಯುತ್ತಿದ್ದರು, ಹಿಮದ ಬದಲು ಬೀಸಣಿಗೆ ಮಾರುತ್ತಿದ್ದರು. ಸಾಲದ್ದಕ್ಕೆ, ಬರಬೇಕಾದ ನೀರಿನಲ್ಲಿ ಅರ್ಧವೂ ಬರಲಿಲ್ಲ.

ಕಲ್ಲನ್ನು ಗುಹೆಯ ಬಾಯಲ್ಲೇ ಇಡಿ, ತಣ್ಣಗಿರಲಿ ಎಂದು ಹೇಳಿ ಹೋಗಿದ್ದೆ. ಅದು ಎಲ್ಲಿತ್ತು? ಯಾರು ಮುಟ್ಟಿದರು?

ಬೆಟ್ಟದ ಗತಿ ತೀರ್ಮಾನಿಸುವ ಸರ್ಕಾರಿ ಸಮಿತಿ ಸೇರುವುದು ಮಾರ್ಚ್ 27ಕ್ಕೆ. ಹಳೆಯ ಹವೆಯ ನಂಬಬಹುದಾದ ಸಾಕ್ಷಿ ಆ ಗುಹೆಯಲ್ಲಿದೆ ಎಂದು ನಾನು ತೋರಿಸಿದರೆ ಬೆಟ್ಟ ನಮ್ಮದು. ತೋರಿಸದಿದ್ದರೆ ಸಿಮೆಂಟ್ ಕಂಪನಿಯದು. ಮೂವತ್ತೊಂದು ಡಿಗ್ರಿ ಹಿಡಿದುಕೊಂಡು ಹೋದರೆ ನನ್ನನ್ನು ಬಾಗಿಲ ಹೊರಗೆ ನಿಲ್ಲಿಸಿ ನಗುತ್ತಾರೆ.

ನಿಮ್ಮ ಶಿಷ್ಯೆ (ಸದ್ಯಕ್ಕೆ),
ಚಿನಾರ್


ಗ್ವೇಜಾನ್, ಫೆಬ್ರವರಿ 10

ಘನತೆವೆತ್ತ ಡಾಕ್ಟರ್ ಚಿನಾರ್ ಅವರಿಗೆ,

ಹಿಂದೆ ಇದೇ ಹೆಸರಿನ ಹುಡುಗಿಯೊಬ್ಬಳು ನನ್ನ ಕ್ಲಾಸಿನಲ್ಲಿದ್ದಳು. ಆಫ್ರಿಕಾ ಎಲ್ಲಿದೆ ಎಂದರೆ 'ಸುಲೈಮಾನಿ ದಾಟಿದ ಮೇಲೆ ಎಡಕ್ಕೆ' ಎಂದವಳು. ಎಲ್ಲಾದರೂ ಸಿಕ್ಕಿದರೆ ಅವಳಿಗೆ ನನ್ನ ಪ್ರೀತಿ ತಿಳಿಸಿ. ನಿಮಗೆ ಅದು ಇಲ್ಲ.

ಹಮಾ ಐದು ಲೋಟ ಚಹಾ ಕುಡಿದ, ಒಂದು ಬಟ್ಟಲು ಅಂಜೂರ ತಿಂದ, ಕೊನೆಗೆ 'ಮಾಮೊಸ್ತಾ, ನಿಮ್ಮ ಮುಖ ಯಾಕೋ ಬದನೆಕಾಯಿ ಆಗಿದೆ' ಎಂದ. ನಿನ್ನ ಕಾಗದದಿಂದ ಊರಿಗಾದ ಮೊದಲ ಖರ್ಚು ಇದು.

ಕಲ್ಲು ಸುಳ್ಳು ಹೇಳುತ್ತಿದೆಯಂತೆ. ಎಂಟು ಸಾವಿರ ವರ್ಷ ಬಾಯಿ ಬಿಡದೆ ನಿಂತಿದ್ದ ಕಲ್ಲು, ಹೆವ್ಲೇರಿಗೆ ಬಂದ ವಾರದೊಳಗೆ ಸುಳ್ಳು ಕಲಿಯಿತೇ? ಆ ಊರಿನಲ್ಲಿ ಸಿಗುವ ಒಳ್ಳೆಯ ಪದಾರ್ಥ ಎಂದರೆ ಮೊಸರೊಂದೇ. ಅದರ ಮಧ್ಯೆ ಯಂತ್ರವನ್ನಿಟ್ಟರೆ ಅದೂ ಹುಳಿಯಾಗದೆ ಇರುತ್ತದೆಯೇ? ಮೊದಲು ನಿನ್ನ ಯಂತ್ರದ ಕಿವಿ ಹಿಂಡು.

ಆ ಕಂಬ ಕತ್ತರಿಸಲು ನಾನು ಊರವರ ಎದುರು ಏನು ಪಣಕ್ಕಿಟ್ಟೆ ಎಂಬುದನ್ನು ಮರೆತಿದ್ದರೆ ನೆನಪಿಸುತ್ತೇನೆ. ಗುಹೆಯ ನಡುವೆ ಆಳೆತ್ತರಕ್ಕೆ ಬೆಳ್ಳಗೆ ನಿಂತಿದ್ದಾಳಲ್ಲ ನಮ್ಮ ಮದುಮಗಳು, ಆ ಕಂಬ ನೋಡಿದಾಗ ನಿನ್ನ ಕಣ್ಣು ಹೊಳೆದದ್ದು ಎಲ್ಲರಿಗೂ ಕಂಡಿತು. ವಸಂತದ ಹೊಸವರ್ಷ, ನವ್ರೋಜ್ ದಿನ ಊರಿನ ಹೊಸ ಸೊಸೆಯಂದಿರೆಲ್ಲ ಹೋಗಿ ಮುಟ್ಟಿಬರುವ ಕಂಬ ಅದು. ಹಿರಿಯರು ಗುರ್ರೆಂದರು. ಆಗ ನಾನು ಮೀಸೆಯ ಮೇಲೆ ಕೈಯಿಟ್ಟು ಹೇಳಿದೆ: ಮೂಲೆಯಲ್ಲಿರುವ ಕುಳ್ಳನೊಬ್ಬ ಸಾಕು, ಇನ್ನೊಂದು ಚೂರನ್ನೂ ಕತ್ತರಿಸುವುದಿಲ್ಲ. ಅರವತ್ತೆಂಟು ವರ್ಷದವನ ಮೀಸೆ, ಮಗಳೇ. ನಿನ್ನ ಪದವಿಗಿಂತ ಹಳೆಯದು.

ಇನ್ನೊಂದು ಮಾತು. ಕಂಪನಿಯ ಎಂಜಿನಿಯರ್ ಮೊನ್ನೆ ಚಹಾ ಅಂಗಡಿಗೆ ಬಂದಿದ್ದ. ಬೂಟಿನಲ್ಲಿ ಧೂಳಿಲ್ಲ, ಕೈಯಲ್ಲಿ ಮಿಠಾಯಿ ಡಬ್ಬಿ.

"ಮಾಮೊಸ್ತಾ, ಇದೆಲ್ಲ ಬರೀ ಕಲ್ಲು. ಕಲ್ಲಿಗ್ಯಾಕೆ ಇಷ್ಟು ಜಗಳ?" ಅಂದ.

"ನಿನ್ನ ತಲೆ ಬಗ್ಗೆನೂ ಯಾರೋ ಹಾಗೇ ಹೇಳಿದ್ರು. ನಾನೇ ನಂಬಲಿಲ್ಲ," ಅಂದೆ.

ಅಂಗಡಿಯೆಲ್ಲ ನಕ್ಕಿತು. ಅವನೂ ನಕ್ಕ. ನಗುತ್ತಲೇ, "ನಿಮ್ಮ ಡಾಕ್ಟರಮ್ಮನ ಲೆಕ್ಕ ಕೈಕೊಟ್ಟಿತಂತಲ್ಲ," ಅಂದ.

ನಿನ್ನ ಕಾಗದ ನನ್ನ ಕೈಸೇರುವ ಮುಂಚೆಯೇ ಅವನಿಗೆ ಹೇಗೆ ಗೊತ್ತಾಯಿತು? ಮಿಠಾಯಿ ಡಬ್ಬಿ ಹೆವ್ಲೇರಿಗೂ ಬಂದಿತ್ತೇ?

ಕಲ್ಲು ಎಲ್ಲಿತ್ತು ಎಂದು ಕೇಳುತ್ತೀಯಲ್ಲ, ನೀನು ಚಳಿಗೆ ಹೆದರಿ ಬಿಟ್ಟು ಓಡಿದ ಕಲ್ಲು? ನನ್ನ ಮನೆಯಲ್ಲಿತ್ತು. ಅತಿಥಿಗೆ ಸಲ್ಲಬೇಕಾದ ಮರ್ಯಾದೆಯಲ್ಲಿ ಇತ್ತು. ಯಾರೂ ಅದಕ್ಕೆ ಒಂದು ಮಾತನ್ನೂ ಗಟ್ಟಿಯಾಗಿ ಆಡಲಿಲ್ಲ.

ಫರೇದೂನ್


ಹೆವ್ಲೇರ್, ಫೆಬ್ರವರಿ 16

ಮಾಮೊಸ್ತಾ,

ಕುಶಲ ಕೇಳುವುದಿಲ್ಲ.

ನನ್ನನ್ನು ಮಿಠಾಯಿ ಡಬ್ಬಿಗೆ ಮಾರಿಕೊಂಡವಳು ಎಂದಿರಿ. ಬರೆದದ್ದಲ್ಲದೆ, ಹಮಾ ಮುಂದೆ ಗಟ್ಟಿಯಾಗಿ ಓದಿಯೂ ತೋರಿಸಿದಿರಂತೆ. ಅವನು ಬಂದವನೇ ನನ್ನ ಮುಖ ನೋಡಿದ, ಆಮೇಲೆ ಮೇಜಿನ ಕೆಳಗೆ ಬಗ್ಗಿ ನೋಡಿದ, ಡಬ್ಬಿ ಇದೆಯೇ ಎಂದು. ಸಮಿತಿಯ ಕಾರ್ಯದರ್ಶಿ ಎದುರು ಸಿಕ್ಕಾಗ 'ಹೇಗೆ ನಡೀತಿದೆ?' ಎಂದು ಕೇಳಿದ್ದರು. 'ಯಾಕೋ ಸರಿ ಬರ್ತಿಲ್ಲ' ಎಂದೆ. ಅಷ್ಟೇ. ಆ ಮಾತು ಅವರ ಬಾಯಿಂದ ಯಾರ ಕಿವಿಗೆ ಹೋಯಿತೋ ಅವರನ್ನೇ ಕೇಳಿ. ಸುಳ್ಳು ಹೇಳಬೇಡ ಎಂದು ಬೆತ್ತ ಹಿಡಿದು ಕಲಿಸಿದವರು ಯಾರೆಂದು ಮಾತ್ರ ನನ್ನನ್ನು ಕೇಳಬೇಡಿ.

ಯಂತ್ರದ ಕಿವಿ ಹಿಂಡಿದೆ. ಲೆಕ್ಕ ಮೊದಲೇ ಗೊತ್ತಿರುವ ನೀರನ್ನು ಮೂರು ಸಲ ಕೊಟ್ಟೆ, ಮೂರು ಸಲವೂ ಸರಿಯಾಗಿ ಹೇಳಿತು. ಅದು ನಿಮ್ಮ ಹಾಗಲ್ಲ, ತಪ್ಪಿದರೆ ಒಪ್ಪಿಕೊಳ್ಳುತ್ತದೆ.

ಆಮೇಲೆ ನಿಮ್ಮ ಕಾಗದದ ಕೊನೆಯ ಸಾಲುಗಳನ್ನು ಮತ್ತೆ ಓದಿದೆ. ಅತಿಥಿಗೆ ಸಲ್ಲಬೇಕಾದ ಮರ್ಯಾದೆ.

ಮಾಮೊಸ್ತಾ, ನಿಮ್ಮ ಮನೆಗೆ ಬಂದ ಅತಿಥಿ ಎಲ್ಲಿ ಕೂರುತ್ತಾನೆ? ನಾನು ಕೂತಿದ್ದೇನೆ. ಬಾಗಿಲಿಂದ ದೂರ, ಸೀಮೆಎಣ್ಣೆ ಒಲೆಯ ಪಕ್ಕ, ಎರಡು ದಿಂಬು ಒತ್ತಿಕೊಂಡು. ಗುಲಾಲೆ ಅತ್ತೆ ಅಲ್ಲಿಂದ ಏಳಲು ಬಿಡಲಿಲ್ಲ. ನನ್ನ ಕಾಲುಚೀಲ ಸುಟ್ಟ ವಾಸನೆ ಬಂದಮೇಲೆಯೇ ನನಗೆ ಬಿಡುಗಡೆಯಾದದ್ದು.

ಕಲ್ಲನ್ನು ಅಲ್ಲಿ ಕೂರಿಸಿದ್ದರೇ?

ಇಡೀ ಚಳಿಗಾಲ ಒಲೆಯ ಪಕ್ಕ ಕೂತರೆ ಕಲ್ಲಿನ ಸಣ್ಣ ಸಣ್ಣ ಸಂದುಗಳಿಂದ ನೀರು ಸೋರಿಹೋಗುತ್ತದೆ. ಹಗುರ ನೀರು ಮೊದಲು ಓಡುತ್ತದೆ, ಭಾರದ್ದು ಉಳಿಯುತ್ತದೆ. ಯಂತ್ರ ಆ ಭಾರ ನೋಡಿ 'ಅಯ್ಯೋ, ಎಂಥ ಸೆಕೆ' ಎನ್ನುತ್ತದೆ. ಮೂವತ್ತೊಂದು ಡಿಗ್ರಿ ಎಂಟು ಸಾವಿರ ವರ್ಷದ ಹಿಂದಿನದಲ್ಲ. ನಿಮ್ಮ ನಡುಮನೆಯದು.

ನಿಜ ಹೇಳಿ.

ಚಿನಾರ್


ಗ್ವೇಜಾನ್, ಫೆಬ್ರವರಿ 22

ಚಿನಾರ್,

ನಿನ್ನ ಕಾಗದ ಹಿಡಿದು ಅಡುಗೆಮನೆಗೆ ಹೋದೆ. ಗುಲಾಲೆ ದ್ರಾಕ್ಷಿ ಎಲೆಗೆ ಅಕ್ಕಿ ತುಂಬಿ ದೊಲ್ಮಾ ಸುತ್ತುತ್ತಿದ್ದಳು. ನಡೆದ ಮಾತುಕತೆಯನ್ನು ಇದ್ದಹಾಗೆ ಬರೆಯುತ್ತೇನೆ; ಯಾರ ತಲೆ ಕೆಟ್ಟಿದೆ ಎಂಬುದನ್ನು ಸಮಿತಿಯೇ ತೀರ್ಮಾನಿಸಲಿ.

"ಗುಲಾಲೆ, ನಾನು ಕುರಿ ಕೊಟ್ಟಿಗೆಯಲ್ಲಿಟ್ಟ ಕಲ್ಲನ್ನ ನೀನು ಒಳಗೆ ತಂದ್ಯಾ?"

"ತರದೆ? ಒದ್ದೆ ಬಟ್ಟೆ ಸುತ್ಕೊಂಡು ಸಗಣಿ ಪಕ್ಕ ಬಿದ್ದಿತ್ತು. ನಿನಗೆ ನಾಚಿಕೆ ಆಗಬೇಕು."

"ಅದು ಕಲ್ಲು ಕಣೇ."

"ಮದುಮಗಳ ದಿಬ್ಬಣದವನು ಅಂತ ಊರೆಲ್ಲ ಹೇಳ್ತಾರೆ. ನೀನೇ ಹೇಳ್ತೀಯ. ದಿಬ್ಬಣದವರನ್ನ ಕೊಟ್ಟಿಗೇಲಿ ಮಲಗಿಸ್ತಾರಾ? ಅಷ್ಟು ವರ್ಷ ಚಳೀಲಿ ನಿಂತವನು. ಒಂದು ತಿಂಗಳು ಬೆಚ್ಚಗಿರಲಿ ಅಂತ ಒಲೆ ಪಕ್ಕ ಇಟ್ಟೆ. ಕಂಬಳಿ ಹೊದಿಸಿದೆ."

"ಮತ್ತೆ?"

"ಮತ್ತೇನು? ತಲೆ ಚಪ್ಪಟೆಯಾಗಿತ್ತು. ಚಹಾ ಕೆಟಲ್ ಇಡಕ್ಕೆ ಚೆನ್ನಾಗಿತ್ತು."

ನಾನು ಆ ನಡುಮನೆಯಲ್ಲಿ ಇಡೀ ಚಳಿಗಾಲ ಕೂತಿದ್ದೆನಲ್ಲ, ನನಗೆ ಕಾಣಲಿಲ್ಲವೇ ಎನ್ನುತ್ತೀಯ. ಕಂಬಳಿ ಹೊದ್ದು ಒಲೆಯ ಪಕ್ಕ ಒರಗಿದ್ದದ್ದನ್ನು ನಾನು ದಿಂಬು ಎಂದುಕೊಂಡಿದ್ದೆ; ದಿಂಬಿನ ಮೇಲೆ ಕೆಟಲ್ ಯಾಕೆ ಎಂದು ಗುಲಾಲೆಯನ್ನು ಕೇಳುವ ಧೈರ್ಯ ನನಗಿಲ್ಲ. ಅತಿಥಿಗೆ ಹೊದಿಸಿದ ಕಂಬಳಿಯನ್ನು ಎತ್ತಿ ನೋಡುವವನು ನಾನಲ್ಲ. ಜನವರಿಯಲ್ಲಿ ಗುಲಾಲೆ ಅದನ್ನು ಒಣಗಿದ ಬಟ್ಟೆಯಲ್ಲಿ ಕಟ್ಟಿಕೊಟ್ಟಳು. ಕೊಟ್ಟಿಗೆಯಿಂದಲೇ ತಂದಳೆಂದುಕೊಂಡು ನಾನು ಹಮಾ ಕೈಗಿಟ್ಟೆ. ಗುಹೆಯ ಬಾಯಿಗೆ ಹಿಮ ಕಟ್ಟಿತ್ತು, ಅದಕ್ಕೇ ತಣ್ಣಗಿದ್ದ ಕೊಟ್ಟಿಗೆಯಲ್ಲಿಟ್ಟಿದ್ದೆ. ಕಾಗದದಲ್ಲಿ 'ನನ್ನ ಮನೆಯಲ್ಲಿ' ಎಂದು ಬರೆದದ್ದು ಕೊಟ್ಟಿಗೆ ಎನ್ನಲು ಮನಸ್ಸಾಗದೆ.

ಸಂತೋಷವಾಯಿತೇ? ನಗು. ಆದರೆ ನನಗಿರುವ ಕೋಪ ಕಡಿಮೆಯಾಯಿತು ಎಂದುಕೊಳ್ಳಬೇಡ. ನೀನೂ ಅದೇ ಕಲ್ಲನ್ನು ಕೊಳವೆಯಲ್ಲಿ ಹಾಕಿ ಕಾಯಿಸುತ್ತೇನೆಂದು ಬರೆದಿದ್ದೀಯ. ನೀನು ಕಾಯಿಸಿದರೆ ವಿಜ್ಞಾನ, ನನ್ನ ತಂಗಿ ಕಾಯಿಸಿದರೆ ಅಪರಾಧ.

ಫರೇದೂನ್


ಹೆವ್ಲೇರ್, ಮಾರ್ಚ್ 2

ಮಾಮೊಸ್ತಾ,

ನಗು ಬಂತು, ನಕ್ಕೆ, ಮುಗಿಯಿತು. ನನ್ನ ಕೊಳವೆಯ ಬಾಯಿ ಮುಚ್ಚಿರುತ್ತದೆ, ಹೊರಬಂದ ಒಂದು ಹನಿಯೂ ತಪ್ಪಿಸಿಕೊಳ್ಳುವುದಿಲ್ಲ. ಗುಲಾಲೆ ಅತ್ತೆಯ ಒಲೆಗೆ ಬಾಯಿ ಮುಚ್ಚಿ ಗೊತ್ತಿಲ್ಲ. ಅತ್ತೆಯ ಅಣ್ಣನಿಗೂ ಗೊತ್ತಿಲ್ಲ.

ಈಗ ಜಗಳ ಬಿಟ್ಟು ಕೆಲಸ. ನನಗೆ ಇನ್ನೊಂದು ಚೂರು ಬೇಕು. ಹೊಸದು, ತಣ್ಣನೆಯದು. ಇಡೀ ಕಂಬ ಬೇಡ. ಮದುಮಗಳ ಬೆನ್ನಿನಿಂದ, ಯಾರಿಗೂ ಕಾಣದ ಕಡೆಯಿಂದ, ಹೆಬ್ಬೆರಳಷ್ಟು ದಪ್ಪದ ಉದ್ದನೆಯ ಕಡ್ಡಿ. ಕೊರೆದ ತೂತನ್ನು ನಾನೇ ಸುಣ್ಣದಲ್ಲಿ ಮುಚ್ಚುತ್ತೇನೆ.

ನಿಮ್ಮ ಮೀಸೆ ನನಗೆ ನೆನಪಿದೆ. ಆದರೆ ಖಾಲಿ ಕೈಯಲ್ಲಿ ಸಮಿತಿಗೆ ಹೋದರೆ ಮದುಮಗಳೂ ಇರುವುದಿಲ್ಲ, ದಿಬ್ಬಣವೂ ಇರುವುದಿಲ್ಲ, ನೀವು ಮೀಸೆ ತಿರುವಿಕೊಂಡು ಕೂರಲು ಬೆಟ್ಟದ ನೆರಳೂ ಇರುವುದಿಲ್ಲ. ಇಷ್ಟು ಹೇಳಿದ ಮೇಲೂ ಇಲ್ಲ ಎಂದರೆ, ಬೆಟ್ಟಕ್ಕಿಂತ ಮೀಸೆ ದೊಡ್ಡದು ಎಂದು ಸಮಿತಿಗೆ ನಾನೇ ಬರೆದುಕೊಡುತ್ತೇನೆ.

ಚಿನಾರ್


ಗ್ವೇಜಾನ್, ಮಾರ್ಚ್ 6

ಇಲ್ಲ.

ಬೆಟ್ಟ ಉಳಿಸಲು ಮಾತು ಮುರಿದೆ ಎಂದರೆ, ನಾಳೆ ಬೆಟ್ಟ ಕೊಡಲು ಮಾತು ಮುರಿದವನಿಗೆ ನಾನು ಏನು ಹೇಳಲಿ? ಆ ಎಂಜಿನಿಯರ್‌ ಹತ್ತಿರ ಯಾರೂ ಮಿಠಾಯಿ ತಿನ್ನಬಾರದು ಎಂದು ಚಹಾ ಅಂಗಡಿಯಲ್ಲಿ ಎದ್ದುನಿಂತು ಹೇಳಿದವನು ನಾನು. ಎಲ್ಲರೂ ತಿನ್ನದೆ ಕೂತಿದ್ದಾರೆ, ಹಮಾ ಒಬ್ಬನನ್ನು ಬಿಟ್ಟು.

ಅವರಿಗೆ ಬೆಟ್ಟದ ಆಚೆ ಬದಿಯಲ್ಲಿ ಪರೀಕ್ಷೆಗೆ ಸಿಡಿಸಲು ಅನುಮತಿ ಸಿಕ್ಕಿದೆಯಂತೆ. ಆಚೆ ಬದಿ ತಾನೇ, ಗುಹೆಗೆ ಏನೂ ಆಗಲ್ಲ ಎಂದು ಎಂಜಿನಿಯರ್ ಬಂದು ಹೇಳಿಹೋದ. ಅದು ನಿನ್ನ ಕಾರ್ಯದರ್ಶಿಗೆ ಗೊತ್ತಿತ್ತೇ? ನಿನಗೆ ಗೊತ್ತಿತ್ತೇ?

ಫರೇದೂನ್


ಗ್ವೇಜಾನ್, ಮಾರ್ಚ್ 12

ಚಿನಾರ್,

ಇದರ ಜೊತೆ ಹಮಾ ಒಂದು ಪೆಟ್ಟಿಗೆ ತರುತ್ತಾನೆ. ಹಿಮ ತುಂಬಿದೆ. ನಡುದಾರಿಯಲ್ಲಿ ಕರಗಿದರೆ ಎರಡು ಕಡೆ ನಿಲ್ಲಿಸಿ ಹೊಸ ಹಿಮ ತುಂಬಿಕೋ ಎಂದು ಹೇಳಿದ್ದೇನೆ. ಕಾರಿನ ಹೀಟರ್ ಹಾಕಿದರೆ ಕಾಲು ಮುರಿಯುತ್ತೇನೆ ಎಂದೂ ಹೇಳಿದ್ದೇನೆ.

ನಿನ್ನೆ ಮಧ್ಯಾಹ್ನ ಸಿಡಿಸಿದರು. ಚಹಾ ಅಂಗಡಿಯ ಲೋಟಗಳು ತಟ್ಟೆಯಲ್ಲಿ ಕುಣಿದವು. ನಾನು ಲಾಟೀನು ಹಿಡಿದು ಒಳಗೆ ಹೋದೆ.

ಮದುಮಗಳು ಬಿದ್ದಿದ್ದಳು. ಕಾಲ ಹತ್ತಿರ ಮುರಿದು, ಮೂರು ತುಂಡಾಗಿ. ಒಳಗೆಲ್ಲ ಹಾಲಿನ ಬಿಳುಪು. ಮುರಿದ ಕಡೆ ಒದ್ದೆಯಾಗಿ ಹೊಳೆಯುತ್ತಿತ್ತು. ತಲೆಯ ಮೇಲಿನ ಹನಿ ಮಾತ್ರ ನಿಂತಿರಲಿಲ್ಲ; ಮೋಟಿನ ಮೇಲೆ ಟಪ್ ಎಂದು ಬೀಳುತ್ತಿತ್ತು, ಏನೂ ಆಗದವರ ಹಾಗೆ.

ಹಿರಿಯರು ಬಂದರು. ಒಬ್ಬೊಬ್ಬರಾಗಿ ಬಗ್ಗಿ ತುಂಡುಗಳನ್ನು ಮುಟ್ಟಿದರು. ಕೊನೆಗೆ ನನ್ನ ಜೊತೆ ಮೂವತ್ತು ವರ್ಷದಿಂದ ಮಾತು ಬಿಟ್ಟಿದ್ದ ಮುದುಕ ರಸೂಲ್ ಹೇಳಿದ:

"ಫರೇದೂನ್, ನಿನ್ನ ಮೀಸೆ ಇದ್ದಲ್ಲೇ ಇರಲಿ. ನೀನು ಕತ್ತರಿಸಿಲ್ಲ. ಕಳಿಸು ಅವಳನ್ನ, ಆ ಹುಡುಗಿಗೆ."

ಎಲ್ಲರೂ ಸೇರಿ ಎತ್ತಿದೆವು. ಮನೆಗೆ ತರಲಿಲ್ಲ. ಹೊರಗೆ ಹಿಮದಲ್ಲೇ ಇಟ್ಟು ಗುಲಾಲೆ ಪಕ್ಕದಲ್ಲಿ ಕಾವಲು ಕೂತಳು. "ತಪ್ಪು ತಿಳ್ಕೋಬೇಡಮ್ಮ, ಈ ಸಲ ಒಳಗೆ ಕರೆಯೋ ಹಾಗಿಲ್ಲ," ಎಂದು ಅವಳು ಕಲ್ಲಿಗೆ ಹೇಳುತ್ತಿದ್ದದ್ದು ನನಗೆ ಕೇಳಿಸಿತು. ನಾನು ಕೇಳಿಸದವನಂತೆ ನಡೆದುಬಂದೆ.

ಹಳೆಯ ಬುಡದಿಂದ ಒಂದು ತುಂಡು, ತುದಿಯಿಂದ ಒಂದು ತುಂಡು ಕಳಿಸಿದ್ದೇನೆ. ಮೇಲೆ ಯಾವುದು, ಕೆಳಗೆ ಯಾವುದು ಎಂದು ಗೆರೆ ಹಾಕಿದ್ದೇನೆ. ಗರಗಸ ತಾಗಿಲ್ಲವೆಂದು ನೋಡಿದವರಿಗೆ ಗೊತ್ತಾಗಲಿ ಎಂದು ಒಡೆದ ಅಂಚನ್ನು ತೊಳೆದಿಲ್ಲ. ಸಿಡಿಮದ್ದಿನ ದಿನ, ಹೊತ್ತು ಬರೆದು ಊರಿನ ಹದಿನಾಲ್ಕು ಜನ ಹೆಬ್ಬೆಟ್ಟು ಒತ್ತಿದ್ದೇವೆ.

ಇವಳನ್ನು ಪುಡಿ ಮಾಡು. ಸಕ್ಕರೆ ಅಚ್ಚಿನಷ್ಟು ಸಣ್ಣದಾಗಿ ಕತ್ತರಿಸಿ, ಒಂದೊಂದನ್ನೂ ಸರಿಯಾಗಿ ಪುಡಿ ಮಾಡು. ಇನ್ನು ಕರುಣೆ ತೋರಿಸಿ ಪ್ರಯೋಜನವಿಲ್ಲ.

ಫರೇದೂನ್


ಹೆವ್ಲೇರ್, ಮಾರ್ಚ್ 28

ಮಾಮೊಸ್ತಾ,

ಪರೀಕ್ಷಾ ಸಿಡಿತದ ವಿಷಯ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಆಚೆ ಬದಿಯಲ್ಲಿ ಬಂದು ಮಲಗುತ್ತಿದ್ದೆ. ನೀವು ಕೇಳಿದಿರಿ, ಅದಕ್ಕೆ ಹೇಳಿದೆ. ಕೇಳಬಾರದಿತ್ತು.

ಪೆಟ್ಟಿಗೆ ಬಂದಾಗ ಹಮಾನ ತುಟಿ ನೀಲಿಯಾಗಿತ್ತು. ಹೀಟರ್ ಇಲ್ಲದೆ, ಕಿಟಕಿ ಇಳಿಸಿ ಓಡಿಸಿದ್ದಾನೆ. ನಾಲ್ಕು ಲೋಟ ಚಹಾ ಕುಡಿಸಿದೆ, ಮಿಠಾಯಿ ಕೊಡಲಿಲ್ಲ.

ತುದಿಯ ತುಂಡು ಇತ್ತೀಚಿನ ಹನಿಗಳದ್ದು. ಅದರ ನೀರು ಹೇಳಿದ್ದು ಹದಿಮೂರು ಡಿಗ್ರಿ. ಗುಹೆಯಲ್ಲಿ ನಾವು ನೇತುಹಾಕಿದ ಉಷ್ಣಮಾಪಕ ಹೇಳುವುದೂ ಅಷ್ಟೇ. ಅಂದರೆ ಅವಳು ನಿಜ ಹೇಳುತ್ತಾಳೆ. ಆಮೇಲೆ ಬುಡದ ತುಂಡು: ಒಂಬತ್ತು. ವಯಸ್ಸಿನ ಲೆಕ್ಕ ಇನ್ನೂ ಬರಬೇಕು. ಆದರೆ ಎರಡು ತುದಿಯೂ ಗಟ್ಟಿಯಾದ ಮೇಲೆ ನಡುವಿನ ಕಥೆ ಕೇಳದೆ ಬಿಡಲು ಯಾರಿಂದಲೂ ಆಗುವುದಿಲ್ಲ.

ಸಮಿತಿಯಲ್ಲಿ ನಡೆದದ್ದು. ಎರಡೂ ಕಲ್ಲಿನ ಅಂಕಿ ಓದಿದೆ. ಕಂಪನಿಯ ಎಂಜಿನಿಯರ್ ಎದ್ದುನಿಂತ. ಬೂಟಿನಲ್ಲಿ ಅವತ್ತೂ ಧೂಳಿರಲಿಲ್ಲ.

"ಮೊದಲನೇ ಕಲ್ಲು ಮೂವತ್ತೊಂದು ಅಂತು. ಇದು ಹದಿಮೂರು, ಒಂಬತ್ತು. ಯಾವುದನ್ನ ನಂಬಬೇಕು?"

ಬೇರೆ ದಾರಿ ಇರಲಿಲ್ಲ. ಒಲೆಯ ಕಥೆ ಪೂರ್ತಿ ಹೇಳಿದೆ. ಕಂಬಳಿ, ಕೆಟಲ್, ದಿಂಬು, ಎಲ್ಲ. ಇಡೀ ಸಭೆ ನಕ್ಕಿತು. ನಾನು ನಗಲಿಲ್ಲ. ನಮ್ಮ ಕಡೆ ಕಲ್ಲು ಮನೆಗೆ ಬಂದರೂ ಬೆಚ್ಚಗೆ ಕೂರಿಸುತ್ತಾರೆ, ನಿಮ್ಮ ಕಡೆ ಏನು ಮಾಡುತ್ತೀರಿ ಎಂದು ಕೇಳಿದೆ.

ನಗು ನಿಂತಿತು. ಆಗ ಅವನು ಕೊನೆಯ ಅಸ್ತ್ರ ತೆಗೆದ.

"ಗುಹೆ ಉಳಿಸ್ತೀವಿ ಅಂತೀರಿ. ಅಲ್ಲಿರೋದರಲ್ಲೇ ದೊಡ್ಡ ಕಂಬ ಮುರಿದು ತಂದಿದ್ದೀರಿ. ಇಷ್ಟು ದೊಡ್ಡ ಮಾದರಿ ನಿಮಗೆ ಕೊಟ್ಟವರು ಯಾರು, ಡಾಕ್ಟರ್?"

"ನೀವು," ಅಂದೆ.

ಹದಿನಾಲ್ಕು ಹೆಬ್ಬೆಟ್ಟಿನ ಹಾಳೆಯನ್ನು ಮೇಜಿನ ಮೇಲಿಟ್ಟೆ. ಸಿಡಿತದ ದಿನ, ಹೊತ್ತು, ತೊಳೆಯದ ಅಂಚು. ಅವನು ಕೂತ. ಕಾರ್ಯದರ್ಶಿ ಅಷ್ಟು ಹೊತ್ತೂ ತಲೆ ತಗ್ಗಿಸಿ ಪೆನ್ಸಿಲ್ ಹೆರೆಯುತ್ತಿದ್ದರು.

ಬೆಟ್ಟದ ಎರಡೂ ಬದಿಯಲ್ಲಿ ಕೆಲಸ ನಿಲ್ಲಿಸಲು ಆದೇಶವಾಗಿದೆ. ಪೂರ್ತಿ ಲೆಕ್ಕ ಬರುವ ತನಕ ಒಂದು ಗುದ್ದಲಿಯೂ ಮುಟ್ಟುವಂತಿಲ್ಲ. ಪೂರ್ತಿ ಲೆಕ್ಕಕ್ಕೆ ಎಷ್ಟು ವರ್ಷ ಬೇಕು ಎಂದು ಕೇಳಿದರು. ವಿಜ್ಞಾನದಲ್ಲಿ ಅವಸರ ಸಲ್ಲದು ಎಂದೆ.

ಗೆದ್ದೆ ಎನ್ನಲು ಬಾಯಿ ಬರುತ್ತಿಲ್ಲ. ಪುಡಿಯನ್ನೆಲ್ಲ ಸೀಸೆಯಲ್ಲಿ ತುಂಬಿಟ್ಟಿದ್ದೇನೆ. ತಂದುಕೊಡುತ್ತೇನೆ.

ಚಿನಾರ್


ಗ್ವೇಜಾನ್, ಏಪ್ರಿಲ್ 3

ಚಿನಾರ್,

ನನ್ನ ನಡುಮನೆಯ ಮಾನವನ್ನು ಸರ್ಕಾರಿ ಸಭೆಯಲ್ಲಿ ಹರಾಜು ಹಾಕಿದ್ದಕ್ಕೆ ಕೃತಜ್ಞತೆಗಳು. ಸುಲೈಮಾನಿಯ ಪೇಟೆಯಲ್ಲಿ ಅಪರಿಚಿತನೊಬ್ಬ ನನ್ನ ತೋಳು ಹಿಡಿದು "ಕಲ್ಲನ್ನು ದಿಂಬು ಅಂದುಕೊಂಡ ಮಾಮೊಸ್ತಾ ನೀವೇ ಅಲ್ವಾ?" ಎಂದು ಕೇಳಿದ. ಗುಲಾಲೆಯಂತೂ ಈಗ ಬರುವವರಿಗೆಲ್ಲ ಆ ಕೆಟಲ್ ತೋರಿಸುತ್ತಿದ್ದಾಳೆ. ಮಿಠಾಯಿ ಡಬ್ಬಿಯ ಮಾತು ಹಿಂತೆಗೆದುಕೊಳ್ಳುತ್ತೇನೆ. ಮೊಸರಿನ ಮಾತು ಹಿಂತೆಗೆದುಕೊಳ್ಳುವುದಿಲ್ಲ.

ನವ್ರೋಜ್ ದಿನ ಹೊಸ ಸೊಸೆಯಂದಿರು ವಾಡಿಕೆಯಂತೆ ಒಳಗೆ ಹೋದರು. ಮೋಟನ್ನೇ ಮುಟ್ಟಿ ಬಂದರು. ಬಂದಮೇಲೆ ಊಟಕ್ಕೆ ಕೂರಲಿಲ್ಲ. ಅಲಂಕಾರದ ಬಟ್ಟೆಯಲ್ಲೇ ನೇರ ರಸ್ತೆಗಿಳಿದು, ಕಂಪನಿಯವರು ನೆಟ್ಟಿದ್ದ ಗುರುತಿನ ಗೂಟಗಳನ್ನು ಒಂದೊಂದಾಗಿ ಕಿತ್ತು ನವ್ರೋಜ್ ಹಬ್ಬಕ್ಕೆ ಹಚ್ಚಿದ ಬೆಂಕಿಗೆ ಹಾಕಿದರು. ತಡೆಯಬೇಕೆಂದು ನನಗೆ ಒಂದು ಕ್ಷಣ ಅನ್ನಿಸಿತು. ಆ ಕ್ಷಣ ಮುಗಿಯುವ ತನಕ ಕಾದೆ.

ನೀನು ಬಾ. ಸೀಸೆ ತಾ, ಅವಳನ್ನು ಅವಳ ಕಾಲ ಬಳಿಯೇ ಇಡೋಣ. ಒಲೆಯ ಪಕ್ಕದ ಜಾಗ ಖಾಲಿಯಿದೆ, ದಪ್ಪ ಕಾಲುಚೀಲ ಹಾಕಿಕೊಂಡು ಬಾ.

ದಿನಾ ಬೆಳಿಗ್ಗೆ ಹೋಗಿ ಮೋಟಿನ ಪಕ್ಕ ಕೂರುತ್ತೇನೆ. ಹನಿ ಬೀಳುತ್ತಲೇ ಇದೆ. ನಿನ್ನ ಲೆಕ್ಕದ ಪ್ರಕಾರ ಈ ವರ್ಷದ ನೀರೂ ಎಲ್ಲೋ ಒಂದು ಸಣ್ಣ ಕೋಣೆಯಲ್ಲಿ ಸೆರೆಯಾಗುತ್ತಿರಬೇಕು. ಮುಂದೆ ಯಾವಾಗಲೋ ನಿನ್ನಂಥವಳೊಬ್ಬಳು ಅದನ್ನು ಕೊಳವೆಗೆ ಹಾಕಿ ನೋಡುತ್ತಾಳೆ. ವಿಪರೀತ ಬಿಸಿ ಬರುತ್ತದೆ. ಯಂತ್ರ ಕೆಟ್ಟಿದೆ ಎಂದುಕೊಳ್ಳುತ್ತಾಳೆ, ಯಾರೋ ಒಲೆಯ ಪಕ್ಕ ಇಟ್ಟರು ಎಂದು ತನ್ನ ಮೇಷ್ಟ್ರ ಜೊತೆ ಜಗಳ ತೆಗೆಯುತ್ತಾಳೆ.

ಅವಳಿಗಾಗಿ ಒಂದು ಸಾಲು ಬರೆದಿಡು. ಯಂತ್ರ ಕೆಟ್ಟಿಲ್ಲ, ಒಲೆಯೂ ಅಲ್ಲ. ಆ ವರ್ಷ ನಾವು ಅಷ್ಟು ಬಿಸಿಯಾಗಿದ್ದೆವು.

ಫರೇದೂನ್